ಗುಂಡಿಗೆ ದೊಡ್ಡದಾದ ಗಂಡು

ಮೇ 6, ಮಂಗಳವಾರ
ಬೆಳಿಗ್ಗೆ ಅಟ್ಟದ ಮೇಲಿನ ಪಾರಿವಾಳದ ಗೂಡಿನ ಹಿಕ್ಕೆ ಕೆರೆದೆ. ಏಣಿಗೆ ಹನ್ನೊಂದು ಮೆಟ್ಟಿಲು, ಮೂರು ಕಡೆ ನಿಂತೆ. ನಾನು ಕೆಮ್ಮಿದರೆ ಈಗ ಹಕ್ಕಿಗಳು ತಿರುಗಿಯೂ ನೋಡುವುದಿಲ್ಲ. ಸಂಜೆ ಮತ್ತೆ ಪಾದ ಊದಿತ್ತು. ಕಾಲುಚೀಲದ ಎಲಾಸ್ಟಿಕ್ ಬಿಗಿ, ಅಷ್ಟೇ. ಎಲ್ಲ ಜೊತೆಗಳದ್ದೂ ಕತ್ತರಿಸಿ ಹಾಕಿದೆ. ಗೊಡೆಲೀವ್ ಏನೂ ಅನ್ನಲಿಲ್ಲ. ನಲವತ್ತೆರಡು ವರ್ಷ ಬೈದ ಹೆಂಡತಿ ಸುಮ್ಮನಾದರೆ ಭಯವಾಗುತ್ತದೆ.

ಮೇ 9
ಗೊಡೆಲೀವ್ ಡಾಕ್ಟರ್ ಬಳಿ ಎಳೆದೊಯ್ದಳು. ತಾನು ಹೊರಗೆ ಕುಳಿತಳು. ಡಾಕ್ಟರ್ ಆನೆಲೋರ್ ವಯಸ್ಸಿನಲ್ಲಿ ನನ್ನ ಸೈಕಲ್ಲಿಗಿಂತ ಚಿಕ್ಕವಳು. ಹೋದದ್ದು ಶ್ವಾಸಕೋಶಕ್ಕೆ... ಗೂಡಿನ ಧೂಳಿಗೆ ಅದು ಕೆಟ್ಟು ಹದಿನೈದು ವರ್ಷವಾಯಿತು. ಈಕೆ ಹಿಡಿದದ್ದು ಗುಂಡಿಗೆಯನ್ನು.
"ಓಡಿಲ್ ಅವರೇ, ಶ್ವಾಸಕೋಶ ಸೋತ್ರೆ ಅದರೊಳಗೆ ರಕ್ತ ತಳ್ಳೋಕೆ ಹೃದಯದ ಬಲಭಾಗ ಒದ್ದಾಡ್ಬೇಕು. ಒದ್ದಾಡಿ ಒದ್ದಾಡಿ ನಿಮ್ಮದು ದೊಡ್ಡದಾಗಿದೆ."
ದೊಡ್ಡದಾಗಿದೆ ಎಂದಳು. ಆಮೇಲಿನದ್ದು ಕಿವಿಗೆ ಬೀಳಲಿಲ್ಲ.

ಮೇ 11, ಭಾನುವಾರ
ಪಾರಿವಾಳದ ಕ್ಲಬ್ಬಿನಲ್ಲಿ ಹೇಳಿದೆ. ಎಲ್ಲರೂ ಎದ್ದು ಕೈಕುಲುಕಿದರು. ದೂರದೂರಲ್ಲಿ ಬಿಟ್ಟರೆ ಮನೆಗೆ ಹಾರಿ ಬರಬೇಕಾದ ಪಂದ್ಯದ ಹಕ್ಕಿಗೆ ಅದಕ್ಕಿಂತ ಇನ್ನೇನು ಬೇಕು, ಗುಂಡಿಗೆ ದೊಡ್ಡದಿರಬೇಕು. "ನಿನ್ನನ್ನ ಬಾರ್ಸಿಲೋನಾದಲ್ಲಿ ಬಿಟ್ರೂ ಕತ್ತಲಾಗೋದ್ರೊಳಗೆ ಮನೆ ಸೇರ್ತೀಯ ಬಿಡು" ಎಂದ ಗೆಳೆಯ ಫಿರ್ಮಿನ್.

ಮೇ 13
ಬ್ರೆಡ್ ಅಂಗಡಿಯಲ್ಲಿ ಫಿರ್ಮಿನ್ನನ ಹೆಂಡತಿ ಗೊಡೆಲೀವಳನ್ನು ಅಭಿನಂದಿಸಿದಳಂತೆ. ಗೊಡೆಲೀವ್ ಬಂದವಳೇ ಡಾಕ್ಟರಿಗೆ ಫೋನ್ ಮಾಡಿದಳು. ಹತ್ತು ನಿಮಿಷ ಬರೀ "ಹೂಂ".
"ಅದು ಬಹುಮಾನ ಅಲ್ಲ ಮಾರಾಯ. ದುಡಿದು ದುಡಿದು ಊದ್ಕೊಂಡಿರೋದು. ಕಾಲು ಊದೋದೂ ಅದಕ್ಕೇ. ದಿನಾ ಮಾತ್ರೆ, ಗೂಡಲ್ಲಿ ಮಾಸ್ಕು, ಅರ್ಧ ಗಂಟೆ ನಡಿಗೆ. ಇಲ್ಲಾಂದ್ರೆ ಒಂದಿನ ನಿಂತ್ಹೋಗುತ್ತಂತೆ."
"ನಡೆದ್ರೆ ಉಸಿರು ಕಟ್ಟತ್ತೆ."
"ಅಂತ ಕೂತ್ಕೊಂಡೇ ಸಾಯ್ತೀಯಾ?"
ನಾಳೆಯಿಂದ ನೋಡೋಣ ಎಂದೆ.

ಮೇ 28
ಗಾಳಿ ಜೋರು. ನಡೆಯಲಿಲ್ಲ.

ಜೂನ್ 3
ಗೊಡೆಲೀವ್ ಪೆಟ್ಟಿಗೆ ಹಿಡಿದು ತನ್ನ ತಂಗಿ ರೋಜ್‌ಮಿಯ ಮನೆಗೆ ಹೋದಳು. ದಿಬ್ಬದ ಮೇಲೆ, ಚರ್ಚಿನಾಚೆ, ಒಂದೂವರೆ ಕಿಲೋಮೀಟರ್.
"ಕಾಫಿ ಮೂರು ಗಂಟೆಗೆ. ನಡ್ಕೊಂಡು ಬಾ. ಕಾರಲ್ಲಿ ಬಂದ್ರೆ ಬಾಗಿಲು ತೆಗೆಯಲ್ಲ."
ಹೋಗಲಿ. ಮೊಟ್ಟೆ ಬೇಯಿಸಲು ನನಗೂ ಬರುತ್ತದೆ.

ಜೂನ್ 4
ಬರುವುದಿಲ್ಲ.

ಜೂನ್ 6
ಬೆಳಿಗ್ಗೆ ಹತ್ತಕ್ಕೆ ಗೊಡೆಲೀವ್ ಬಂದಳು. ನನಗಿಷ್ಟದ ಆ ನೀಲಿ ಫ್ರಾಕು. ಹತ್ತು ನಿಮಿಷ ಕುಳಿತಳು, ನನ್ನ ಕಾಲರ್ ಸರಿಮಾಡಿದಳು, ಹೊರಟೇ ಹೋದಳು.
ಗೂಡಿಗೆ ಹತ್ತಿ ಯೋಚಿಸಿದೆ. ವಾರವಿಡೀ ಗಂಡುಹಕ್ಕಿ ಹೆಣ್ಣುಹಕ್ಕಿಗಳನ್ನು ಬೇರೆ ಇಡುವುದು. ಪಂದ್ಯಕ್ಕೆ ಕಳಿಸುವ ಮುನ್ನ ಹತ್ತು ನಿಮಿಷ ಮುಖ ತೋರಿಸುವುದು. ಆಮೇಲೆ ಗಂಡು ಅವಳಿಗಾಗಿ ಪ್ರಾಣದ ಹಂಗು ಬಿಟ್ಟು ಹಾರುತ್ತದೆ. ನಲವತ್ತೆರಡು ವರ್ಷ ನಾನು ಮಾಡಿದ್ದನ್ನು ಇವಳು ಹಕ್ಕಿ ಸಾಗಿಸುವ ಬುಟ್ಟಿ ತೊಳೆಯುತ್ತ ನೋಡುತ್ತಲೇ ಇದ್ದಳಲ್ಲ.
ನಾಚಿಕೆಯಾಯಿತು. ಎರಡೂಕಾಲಿಗೆ ಹೊರಟೆ. ಐವತ್ತೊಂದು ನಿಮಿಷ, ಒಂಬತ್ತು ನಿಲುಗಡೆ. ಕಾಫಿ ಆರಿತ್ತು. ಕುಡಿದೆ.

ಜೂನ್ 19
ಮೂವತ್ತೆಂಟು ನಿಮಿಷ. ಈಗ ಹಕ್ಕಿ ಬಂದ ಹೊತ್ತು ದಾಖಲಿಸುವ ಪಂದ್ಯದ ಗಡಿಯಾರವನ್ನೇ ಒಯ್ಯುತ್ತೇನೆ, ಗೇಟಿನಲ್ಲಿ ರೋಜ್‌ಮಿ ಒತ್ತುತ್ತಾಳೆ. ಮಾಸ್ಕ್ ಕಂಡು ಹಕ್ಕಿಗಳು ಕಳ್ಳನೆಂದು ಹೆದರುತ್ತವೆ. ಕೆಮ್ಮಿ ತೋರಿಸಿದರೆ ಸುಮ್ಮನಾಗುತ್ತವೆ. ಕಾಲಿನ ಊತ ಇಳಿದಿದೆ. ಕಾಲುಚೀಲ ನಿಲ್ಲುತ್ತಿಲ್ಲ.

ಜುಲೈ 5, ಶನಿವಾರ, ಮಧ್ಯಾಹ್ನ ಎರಡು
ವರ್ಷದ ದೊಡ್ಡ ಪಂದ್ಯ. ಫ್ರಾನ್ಸಿನ ಲಿಮೋಜಿನಲ್ಲಿ ಬೆಳಗ್ಗೆಯೇ ಹಕ್ಕಿಗಳನ್ನು ಬಿಟ್ಟಿದ್ದಾರೆ. ನನ್ನ ನೀಲಿ ಗಂಡು ಮೂರರ ಹೊತ್ತಿಗೆ ಬರಬೇಕು. ಕಾಫಿಯೂ ಮೂರಕ್ಕೆ. ಗಡಿಯಾರ ಇರುವುದು ಒಂದೇ, ಹಕ್ಕಿ ಇಳಿದ ಕೂಡಲೇ ಅದನ್ನು ಒತ್ತದಿದ್ದರೆ ಬಂದೂ ಬಂದಂತಲ್ಲ. "ಒಂದಿನ ಕಾಫಿ ತಪ್ಪಿದ್ರೆ ಅವಳೇನು ಹಾರಿ ಹೋಗ್ತಾಳಾ?" ಎಂದ ಫಿರ್ಮಿನ್.
ನನಗೆ ಅದೇ ಭಯ. ಅವಳಿಲ್ಲದ ಮನೆ ನನಗೆ ಬೇಡ.

ಸಂಜೆ ಆರು
ಇಪ್ಪತ್ತಾರು ನಿಮಿಷ. ಎರಡೇ ನಿಲುಗಡೆ. ಗೇಟಿನಲ್ಲಿ ರೋಜ್‌ಮಿ ಅಲ್ಲ, ಗೊಡೆಲೀವಳೇ ನಿಂತಿದ್ದಳು.
"ಇವತ್ತು ಲಿಮೋಜ್ ಅಲ್ವಾ?"
"ಹೌದು."
"ಗಡಿಯಾರ ಇಲ್ಲಿ ತಂದಿದ್ದೀಯ."
"ಹೌದು."
ಒಳಗೆ ಹೋದಳು. ಕಾಫಿ ತರುತ್ತಾಳೆ ಎಂದುಕೊಂಡೆ, ತನ್ನ ಪೆಟ್ಟಿಗೆ ತಂದಳು.
ಮನೆಗೆ ಬಂದಾಗ ನೀಲಿ ಗಂಡು ತನ್ನ ಹೆಣ್ಣಿನ ಪಕ್ಕದಲ್ಲಿ ಕುಳಿತಿತ್ತು. ಎಷ್ಟು ಹೊತ್ತಿಗೆ ಬಂತೋ, ಗಡಿಯಾರ ಎಲ್ಲಿ ಎಂದು ಅದೂ ಕೇಳಲಿಲ್ಲ. ಗೂಡಿನಲ್ಲೇ ಕುಳಿತು ಬರೆಯುತ್ತಿದ್ದೇನೆ. ಕೆಳಗಿನಿಂದ ಗೊಡೆಲೀವ್ ಕೂಗುತ್ತಿದ್ದಾಳೆ — ಕಾಲುಚೀಲಕ್ಕೆ ಎಲಾಸ್ಟಿಕ್ ಹೊಲಿಯಬೇಕಂತೆ, ಅಳತೆಗೆ ನನ್ನ ಕಾಲು ಬೇಕಂತೆ. ಹೋಗಬೇಕು. ಹನ್ನೊಂದು ಮೆಟ್ಟಿಲು. ಹತ್ತುವಾಗ ಒಂದೇ ಕಡೆ ನಿಂತಿದ್ದೆ, ಅದೂ ಅವಳು ಕೆಳಗೆ ಏಣಿ ಹಿಡಿದು ನಿಂತಿದ್ದಾಳೋ ಇಲ್ಲವೋ ಎಂದು ನೋಡಲು.