ತೀರಾ ಶುದ್ಧವಾದ ನೀರು

ಜೂನ್ 4, ಬೆಳಿಗ್ಗೆ 5.40

ನೀರಿನ ಟೆಸ್ಟ್ ಆಯಿತು. ಕ್ಲೋರಿನ್ ಸೊನ್ನೆ. ಸಹಿ ಹಾಕಿದೆ. ಎಂಟೂ ಡಯಾಲಿಸಿಸ್ ಮೆಷಿನ್ ಆನ್. ಆರಕ್ಕೆ ಮೊದಲ ಬ್ಯಾಚ್. ಅಲ್ಲಿಯವರೆಗೆ ಇಪ್ಪತ್ತು ನಿಮಿಷ ನನ್ನದು.

ನಿನ್ನೆ ಕಾಯುವ ಕೋಣೆಗೆ ಮೀನು ಸಾಕುವ ಗಾಜಿನ ತೊಟ್ಟಿ ಬಂತು. ಎಂಬತ್ತು ಲೀಟರ್. ಹಳೆಯ ಪೇಷಂಟ್ ಒಬ್ಬರು ಮನೆ ಬದಲಾಯಿಸುವಾಗ ಕೊಟ್ಟದ್ದು. ಜೊತೆಗೊಂದು ಚೀಲ ಪ್ಲಾಸ್ಟಿಕ್ ಗಿಡ — ಕಣ್ಣಿಗೆ ಹೊಡೆಯುವ ಗುಲಾಬಿ ಬಣ್ಣ! ಸೀದಾ ಕಸದ ಬುಟ್ಟಿಗೆ. ಇಟ್ಟರೆ ಜೀವಂತ ಗಿಡವೇ ಎಂದೆ.

ಹೆಡ್ ಸಿಸ್ಟರ್ ಹುಬ್ಬೇರಿಸಿದರು. "ದಿನಕ್ಕೆ ಒಂದು ಲೀಟರ್ ಮೇಲೆ ಕುಡಿಯೋ ಹಾಗಿಲ್ಲದವರು ಇವರು. ಗಂಟಲು ಒಣಗಿಸ್ಕೊಂಡು ಕೂತೋರ ಎದುರಿಗೆ ಎಂಬತ್ತು ಲೀಟರ್ ನೀರಿಡ್ತೀಯಾ? ಏನು ಮನಸ್ಸೇ ನಿಂದು!"

ಗಾಜಿನ ಗೋಡೆಯ ಈಚೆ, ನಾಲ್ಕನೇ ಕುರ್ಚಿಯಲ್ಲಿ ಮಲಗಿದ್ದ ಪೇಷಂಟ್, ನಮ್ಮ ಬಸ್ ಡ್ರೈವರ್, ಕಣ್ಣು ಬಿಡದೆಯೇ ಹೇಳಿದರು. "ಟಿವಿಯಲ್ಲಿ ಸಮುದ್ರ ಬರುತ್ತೆ ಸಿಸ್ಟರ್. ಟಿವಿ ಕಿತ್ ಹಾಕ್ತೀರಾ?"

ಎಲ್ಲರೂ ನಕ್ಕರು. ಸಿಸ್ಟರ್ ಒಂದು ತಿಂಗಳು ಟೈಮ್ ಕೊಟ್ಟರು. ಕೊಳೆತು ನಾರಿದರೆ ತೊಟ್ಟಿ ಹೊರಗೆ. ಷರತ್ತು ಇನ್ನೊಂದು — ತೊಟ್ಟಿ ಮುಟ್ಟಿದ ಕೈ ಮೆಷಿನ್ ಹತ್ತಿರ ಬರಕೂಡದು. ಆಗಲಿ. ಟೆಕ್ನಿಷಿಯನ್ ಆಗಿ ಹನ್ನೊಂದು ವರ್ಷದಿಂದ ನೀರಿನ ಜೊತೆಗೇ ನನ್ನ ಸಂಸಾರ. ನಾಲ್ಕು ಗಿಡ ಯಾವ ಲೆಕ್ಕ?

ಜೂನ್ 6, ಸಂಜೆ

ಮೀನಿನ ಅಂಗಡಿ. ನಡೆಸುವಾಕೆ ಮಾತಿನ ಮಲ್ಲಿ. ಕೆಂಪೆಲೆಯ ಗಿಡಕ್ಕೆ ಕೈ ಹಾಕಿದೆ, ಕೈ ಮೇಲೆ ಹೊಡೆಯುವುದೊಂದು ಬಾಕಿ. "ಅದಕ್ಕೆ ಜೋರು ಲೈಟ್ ಬೇಕು, ನೀರಿಗೆ ಕಾರ್ಬನ್ ಗ್ಯಾಸ್ ಬಿಡ್ಬೇಕು, ದಿನಾ ಮುದ್ದು ಮಾಡ್ಬೇಕು. ಮೊದಲನೇ ಸಲ ತಾನೇ? ಹಟ ಮಾಡದ ಗಿಡ ತಗೊಳ್ಳಿ."

ತಂದದ್ದು: ಅನೂಬಿಯಾಸ್, ಜಾವಾ ಫರ್ನ್ — ಎರಡನ್ನೂ ಮಣ್ಣಲ್ಲಿ ಹೂಳಬಾರದು, ಗೆಡ್ಡೆ ಕೊಳೆಯುತ್ತದೆ, ಮರದ ತುಂಡಿಗೆ ದಾರದಲ್ಲಿ ಕಟ್ಟಬೇಕು. ಹಿಂದುಗಡೆಗೆ ರಿಬ್ಬನ್‌ನಂಥ ವ್ಯಾಲಿಸ್ನೇರಿಯಾ. ಮುಂದುಗಡೆಗೆ ಕ್ರಿಪ್ಟ್. ಲೈಟ್ ದಿನಕ್ಕೆ ಏಳು ಗಂಟೆ, ಜಾಸ್ತಿಯಾದರೆ ಪಾಚಿ. ಮೀನು ಒಂದು ತಿಂಗಳಾದ ಮೇಲೆ.

ನೀರು ಮಾತ್ರ ನನ್ನದು. ನಮ್ಮ ನೀರು ಶುದ್ಧಿ ಮಾಡುವ ಪ್ಲಾಂಟಿನಿಂದಲೇ ಹಿಡಿದೆ. ರಕ್ತ ತೊಳೆಯಲು ಬಳಸುವ ನೀರು! ಇಷ್ಟು ಶುದ್ಧ ನೀರು ಇಡೀ ಊರಿನಲ್ಲಿ ಯಾವ ಗಿಡಕ್ಕೂ ಸಿಕ್ಕಿರಲಾರದು.

ಜೂನ್ 17, ಮಧ್ಯಾಹ್ನ

ಕ್ರಿಪ್ಟ್ ಕರಗಿಹೋಯಿತು. ಎಲೆಗಳೆಲ್ಲ ಲೋಳೆ. ಫರ್ನ್ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು. ಹೆಡ್ ಸಿಸ್ಟರ್ ಮೂಗು ಮುಚ್ಚಿಕೊಂಡು ನಿಂತರು. ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. ಬೈದಿದ್ದರೇ ವಾಸಿ ಇತ್ತು.

ಅಂಗಡಿಯಾಕೆಗೆ ಫೋನ್. ಕ್ರಿಪ್ಟ್ ಜಾಗ ಬದಲಾದರೆ ಹಾಗೆ ಮುನಿಸಿಕೊಳ್ಳುತ್ತದಂತೆ, ಬೇರು ಕೀಳಬೇಡಿ ಎಂದಳು. ಆದರೆ ತೂತು? "ಪೊಟ್ಯಾಸಿಯಂ ಇಲ್ಲ. ಯಾವ ನೀರು ಹಾಕಿದ್ರಿ?" ಹೆಮ್ಮೆಯಿಂದ ಹೇಳಿದೆ. "ಅಯ್ಯೋ ದೇವರೇ!" ಎಂದಳು.

ಡ್ರೈವರ್ ಎಲ್ಲ ಕೇಳಿಸಿಕೊಂಡಿದ್ದಾರೆ. "ಮೇಡಮ್, ನನ್ನ ಮೆಷಿನ್‌ಗೆ ಬಿಡೋ ನೀರಿಗೆ ನೀವು ಉಪ್ಪು-ಗಿಪ್ಪು ಸೇರಿಸ್ತೀರಿ ಅಲ್ವಾ? ಹಾಗೇ ಬಿಟ್ರೆ ಏನಾಗುತ್ತೆ?"

"ರಕ್ತಕಣ ಒಡೆದು ಪ್ರಾಣಕ್ಕೇ ಬರುತ್ತೆ."

"ಮತ್ತೆ ಪಾಪ ಗಿಡ ಏನು ಮಾಡಿತ್ತು?"

ಕಪಾಳಕ್ಕೆ ಬಿದ್ದ ಹಾಗಾಯಿತು. ಹೊಸಬರು ಬಂದಾಗಲೆಲ್ಲ ಈ ಪಾಠ ಹೇಳುವವಳು ನಾನೇ! ಅವರಿಗೆ ಖುಷಿಯೋ ಖುಷಿ. "ನಮಗೆ ಪೊಟ್ಯಾಸಿಯಂ ವಿಷ, ಅದಕ್ಕೆ ಊಟ. ನನ್ನ ಮೈಯಿಂದ ತೆಗೆದದ್ದನ್ನ ಅತ್ಲಾಗೆ ತಿರುಗಿಸಿ."

ಆ ಖುಷಿಯಲ್ಲೂ ಮೂರೇ ಗಂಟೆ ಕೂತು ಎದ್ದು ಹೋದರು. ನಾಲ್ಕು ಗಂಟೆ ಕಾಲ ಮೆಷಿನ್‌ನಲ್ಲಿ ಇರಬೇಕಾದ ಮನುಷ್ಯ. ಬಸ್ಸು ಬಿಟ್ಟು ನಾಲ್ಕು ವರ್ಷ, ಡಿಪೋದಲ್ಲಿ ಈಗ ಕುರ್ಚಿ ಕೆಲಸ. ಆದರೂ ಯಾವುದೋ ಬಸ್ಸು ತಪ್ಪಿಹೋಗುವ ಅವಸರ.

ಜೂನ್ 18, ಬೆಳಿಗ್ಗೆ 5.40

ನಲ್ಲಿ ನೀರು ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟು, ಕ್ಲೋರಿನ್ ಹೋಗಿದೆಯೇ ಎಂದು ನನ್ನ ಟೆಸ್ಟ್ ಪಟ್ಟಿ ಅದ್ದಿ ನೋಡಿ, ವಾರಕ್ಕೆರಡು ಸಲ ಸ್ವಲ್ಪ ಸ್ವಲ್ಪ ಬದಲಾಯಿಸುವುದು. ಗಿಡದ ಗೊಬ್ಬರ, ಅಂಗಡಿಯಾಕೆ ಹೇಳಿದ ಅಳತೆಯ ಅರ್ಧ. ಕ್ರಿಪ್ಟ್ ಕಿತ್ತಿಲ್ಲ. ತಪ್ಪು ಗೊತ್ತಾದ ಮೇಲೆ ಹೆದರಿಕೆ ಯಾಕೆ?

ಜೂನ್ 26

ಡ್ರೈವರ್ ಇವತ್ತೂ ಬರಲಿಲ್ಲ. ಬುಧವಾರವೂ ಇಲ್ಲ. ಫೋನ್ ಮಾಡಿದೆ. "ನಾಲ್ಕು ವರ್ಷ ಆಯ್ತು ಮೇಡಮ್. ಸಾಕು." ಇಟ್ಟುಬಿಟ್ಟರು.

ಅವರ ಅಕ್ಕನಿಗೆ ಮಾಡಿದೆ. ಯಾವಾಗಲೂ ಜೊತೆಗೆ ಬಂದು, ತಮ್ಮ ಏಳುವವರೆಗೂ ಹೊರಗಿನ ಬೆಂಚಿನಲ್ಲಿ ಕೂರುವವರು. ಅಳುತ್ತಲೇ ಹೇಳಿದರು. ತಮ್ಮನಿಗೆ ಕಿಡ್ನಿ ಕೊಡಲು ಆರು ತಿಂಗಳಿಂದ ಟೆಸ್ಟ್ ಮಾಡಿಸುತ್ತಿದ್ದರಂತೆ. ಮಂಗಳವಾರ ರಿಪೋರ್ಟ್ ಬಂತು. ಅಕ್ಕನಿಗೇ ಸಕ್ಕರೆ ಕಾಯಿಲೆ. ಕೊಡುವ ಹಾಗಿಲ್ಲ.

"ಹೇಗಾದ್ರೂ ಮಾಡಿ ಕರ್ಕೊಂಡು ಬನ್ನಿ" ಎಂದೆ. ಡಾಕ್ಟರಿಗೂ ತಿಳಿಸಿದೆ.

ಜೂನ್ 28, ಭಾನುವಾರ

ಬಟ್ಟೆ ಒಗೆಯುತ್ತಿದ್ದೆ. ಎರಡು ಗಂಟೆಗೆ ಆಸ್ಪತ್ರೆಯಿಂದ ಫೋನ್. ಸೋಪಿನ ಕೈಯಲ್ಲೇ ಓಡಿದೆ.

ಡ್ರೈವರ್ ಕೂತಲ್ಲೇ ಏದುಸಿರು. ಮಲಗಿದರೆ ಮುಳುಗಿದಂತೆ ಕೆಮ್ಮು. ಐದು ಕೆಜಿ ಹೆಚ್ಚುವರಿ ನೀರು ಮೈಯಲ್ಲಿ. ಆಕ್ಸಿಜನ್ ಹಾಕಿದ್ದರು. ಮೆಷಿನ್ ಹತ್ತು ನಿಮಿಷದಲ್ಲಿ ರೆಡಿ. ಸೂಜಿ ಮೊದಲನೇ ಸಲಕ್ಕೇ ಸರಿಯಾಗಿ ಕೂತಿತು. ನನ್ನ ಕೈ ನಡುಗುವುದಿಲ್ಲ, ಅದೊಂದು ದೇವರು ಕೊಟ್ಟದ್ದು. ಮೂರೂವರೆ ಲೀಟರ್ ತೆಗೆದೆವು. ಉಳಿದದ್ದು ನಾಳೆ.

ಐದೂವರೆಗೆ ಉಸಿರು ಹದಕ್ಕೆ ಬಂತು. ನಾನೂ ಆಮೇಲೇ ಕೂತದ್ದು.

ಜೂನ್ 29

ಇವತ್ತು ಮಾತಾಡಿದರು. ಗೋಡೆ ನೋಡಿಕೊಂಡು.

"ಆರು ತಿಂಗಳು ಸಿಹಿ ಮುಟ್ಟಲಿಲ್ಲ ಅಕ್ಕ. ದಿನಾ ವಾಕಿಂಗ್. ಸೊಂಟ ತಟ್ಕೊಂಡು, ನಿನ್ನ ಮಾಲು ಭದ್ರವಾಗಿದೆ ಕಣೋ ಅಂತಿದ್ಲು. ರಿಪೋರ್ಟ್ ಬಂದ ದಿನ ನನ್ನ ಮುಖ ನೋಡೋಕಾಗ್ದೆ ಅಡುಗೆಮನೇಲಿ ನಿಂತುಬಿಟ್ಲು. ನಾನು ಇರೋವರೆಗೂ ಹಾಗೇ ನಿಂತಿರ್ತಾಳೆ ಅನ್ನಿಸ್ತು."

"ನಿನ್ನೆ ನಿಮ್ಮನ್ನ ಗಾಡಿಯಿಂದ ಹೆಗಲು ಕೊಟ್ಟು ಇಳಿಸಿದ್ದು ಅದೇ ಅಕ್ಕ. ಚಪ್ಪಲಿ ಕೂಡ ಇರಲಿಲ್ಲ ಕಾಲಲ್ಲಿ."

ಗೋಡೆಯಿಂದ ಮುಖ ತಿರುಗಿಸಿ ಗಾಜಿನಾಚೆಯ ಬೆಂಚು ನೋಡಿದರು.

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಬರುವುದನ್ನೇ ಹೇಳಿದೆ. "ಮೂರೇ ಗಂಟೆ ಕೂತು ಎದ್ದು ಹೋಗ್ತೀರಿ. ಅದಕ್ಕೇ ಯಾವಾಗ್ಲೂ ಸುಸ್ತು, ಕಾಲು ಸೆಳೆತ. ಒಂದು ತಿಂಗಳು ನಾಲ್ಕು ಗಂಟೆ ಪೂರ್ತಿ ಕೂತು ನೋಡಿ. ಆಮೇಲೂ ಸಾಕು ಅನ್ನಿಸಿದ್ರೆ ಡಾಕ್ಟರ್ ಎದುರಿಗೆ ಕೂತು ಮಾತಾಡೋಣ. ಕದ್ದು ಹೋಗೋದು ಬೇಡ."

"ತೊಟ್ಟಿಗೆ ಕೊಟ್ಟಷ್ಟೇ ಟೈಮ್ ನನಗೂನಾ?"

"ಅದಕ್ಕಿಂತ ಒಂದು ದಿನ ಜಾಸ್ತಿ ಕೊಡಲ್ಲ."

ನಕ್ಕರು. ಮೂರು ಗಂಟೆ ತುಂಬಿದಾಗ ಕೈ ನನ್ನನ್ನು ಕರೆಯುವ ಬೆಲ್ಲಿನ ಕಡೆ ಹೋಯಿತು. ನೋಡಿದೆ. ಹೋದ ಕೈ ಕಂಬಳಿ ಎಳೆದುಕೊಂಡಿತು.

ಜುಲೈ 20

ಮೂರು ವಾರ ಬರೆದಿಲ್ಲ. ಕೆಲಸ.

ಕ್ರಿಪ್ಟ್ ಐದೆಲೆ ಬಿಟ್ಟಿದೆ. ಫರ್ನ್‌ನ ಹಳೆಯ ತೂತು ಹಾಗೇ ಇದೆ, ಹೊಸ ಎಲೆ ಚೊಕ್ಕ. ವ್ಯಾಲಿಸ್ನೇರಿಯಾ ಬಳ್ಳಿ ಓಡಿಸಿ ಒಂಬತ್ತು ಮರಿ ಹಾಕಿದೆ. ಆರು ಮೀನು ಬಂದಿವೆ. ಕೊಟ್ಟ ತಿಂಗಳು ಎಂದೋ ಮುಗಿದಿದೆ, ಸಿಸ್ಟರ್ ಬಾಯಿ ಬಿಟ್ಟಿಲ್ಲ. ಮೊನ್ನೆ ಅವರೇ ಗಾಜು ಒರೆಸುತ್ತಿದ್ದರು. ನಾನು ನೋಡಿಲ್ಲ ಎಂದುಕೊಂಡಿದ್ದಾರೆ.

ತೊಟ್ಟಿ ಈಗ ಅಕ್ಕನ ಸುಪರ್ದಿ. ಬೆಂಚು ಖಾಲಿ. ರವಿಕೆಯ ತೋಳು ಮೇಲಕ್ಕೆ ಮಡಚಿ, ಕತ್ತರಿ ಹಿಡಿದು, ಹಳದಿ ಎಲೆ ತೆಗೆಯುತ್ತಾರೆ. ಅನೂಬಿಯಾಸ್ ಅವರ ಬಾಯಲ್ಲಿ 'ಅನಸೂಯ'. ಗಾಜಿನ ಈಚೆಯಿಂದ ಡ್ರೈವರ್, ಬೆರಳು ತೋರಿಸಿ ಆರ್ಡರ್ — "ಎಡಕ್ಕೆ, ಇನ್ನೂ ಎಡಕ್ಕೆ!" ಅಕ್ಕನ ಉತ್ತರ — "ಬಸ್ಸು ನಂದು ಕಣೋ ಈಗ. ಬಾಯಿ ಮುಚ್ಕೊಂಡು ಕೂತ್ಕೋ."

ಜಗಳ ಶುರುವಾಗಿದೆ. ನಾಲ್ಕು ಗಂಟೆಯೂ ನಡೆಯುತ್ತಿದೆ.

ಆಗಸ್ಟ್ 5, ಬೆಳಿಗ್ಗೆ 9

ಹೊಸ ಪೇಷಂಟ್. ಕಾಲೇಜು ಹುಡುಗಿ, ಹತ್ತೊಂಬತ್ತು. ಮೊದಲ ದಿನ. ಬಾಗಿಲಲ್ಲೇ ನಿಂತಳು, ಒಳಗೆ ಬರಲೊಲ್ಲಳು. ಡ್ರೈವರ್ ತಾವಾಗಿ ನಾಲ್ಕನೇ ಕುರ್ಚಿ ಬಿಟ್ಟು ಎಂಟಕ್ಕೆ ಹೋದರು. ಗೋಡೆ ಪಕ್ಕ, ಅಲ್ಲಿಂದ ತೊಟ್ಟಿ ಕಾಣದು.

"ಈ ಮೇಡಮ್ ಸೂಜಿ ಅಂದ್ರೆ ಸೊಳ್ಳೆ ಕಚ್ಚಿದ ಹಾಗೆ" ಎಂದರು ಅವಳಿಗೆ. "ಸುಳ್ಳು ಹೇಳಲ್ಲ. ದೊಡ್ಡ ಸೊಳ್ಳೆ."

ಹುಡುಗಿ ನಕ್ಕಳೋ ಅತ್ತಳೋ, ಕೈಯಂತೂ ಕೊಟ್ಟಳು.

ಹೊರಗೆ ಅವಳ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಅಕ್ಕ ಹೋದರು. ಸಮಾಧಾನ ಹೇಳಲಿಲ್ಲ. ಕೈಗೆ ಕತ್ತರಿ ಕೊಟ್ಟರು. "ತಾಯಿ, ಈ ಬಳ್ಳಿ ಸ್ವಲ್ಪ ಕತ್ತರಿಸಿ ಕೊಡ್ತೀರಾ? ನನಗೆ ಕಣ್ಣು ಮಂಜು ಮಂಜು."

ಈಗ ಇಬ್ಬರೂ ತೊಟ್ಟಿಯ ಮೇಲೆ ಬಗ್ಗಿದ್ದಾರೆ. ಆ ತಾಯಿ ಏನೋ ಕೇಳುತ್ತಿದ್ದಾರೆ, ಅಕ್ಕ ತಲೆಯಾಡಿಸುತ್ತಿದ್ದಾರೆ. ಅಕ್ಕನ ಕಣ್ಣಿಗೆ ಏನೂ ಆಗಿಲ್ಲ. ಮೊನ್ನೆ ತಾನೇ ನನ್ನ ಹೊಲಿಗೆ ಸೂಜಿಗೆ ದಾರ ಪೋಣಿಸಿ ಕೊಟ್ಟವರು, ಒಂದೇ ಸಲಕ್ಕೆ, ಅದೂ —

ಎಂಟನೇ ಮೆಷಿನ್ ಅಲಾರ್ಮ್. ಡ್ರೈವರ್ ಸೂಜಿಯಿರುವ ಕೈ ಮಡಚಿರಬೇಕು. ಬಂದು ಬರೆ—