ಮನೆಗೊಂದು ಫ್ರಾಕು

ಚಿಂತಾಮಣಿ ಹಾಸ್ಟೆಲು
೧೨ ನವೆಂಬರ್ ೧೯೯೪

ಅಮ್ಮಾ,

ಈ ಕಾಗದವನ್ನು ಸಂಘದವರ ಕೈಲಿ ಓದಿಸಬೇಡ. ಪಕ್ಕದ ಮನೆ ಅಶ್ವತ್ಥಮ್ಮನ ಸೊಸೆಗೆ ಓದು ಬರುತ್ತದೆ, ಅವಳನ್ನೇ ಕೂರಿಸಿಕೋ.

ನಿನ್ನೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿ ಕೊಟ್ಟರು. ಮೊದಲನೇ ಸಾಲಿನಲ್ಲೇ ಹೆಸರು. ಎಂಟು ವರ್ಷದಿಂದ ಬರೆಯುವ ಹಾಗೆ ಅನಸೂಯ ಎಂದು ಬರೆಯಲು ಹೋದೆ. ಪೆನ್ನು ನಿಂತಿತು. ಅನಸೂಯ ನಾನಲ್ಲ, ಅಕ್ಕ. ಅಕ್ಕ ಶಿಡ್ಲಘಟ್ಟದ ಮಣ್ಣಿನಲ್ಲಿದ್ದಾಳೆ. ಈ ಅರ್ಜಿಯಲ್ಲಿ ಬರೆದ ಹೆಸರು ಸಾಯುವವರೆಗೂ ಅಳಿಯುವುದಿಲ್ಲವಂತೆ.

ಎಂಬತ್ತನಾಲ್ಕರಲ್ಲಿ ಸಂಘದ ಜೀಪು ನಮ್ಮ ಕೇರಿಗೆ ಬಂತು. ಯೇಸುವಿನ ಹೆಸರಲ್ಲಿ ಹಾಲಿನ ಪುಡಿ ಕೊಟ್ಟರು, ಸೂಜಿ ಹಾಕಿಸಿದರು, ಸ್ಲೇಟು ಹಂಚಿದರು. ಸುಳ್ಳು ಹೇಳುವುದಿಲ್ಲ, ಆ ಹಾಲು ಕುಡಿದೇ ನಾನು ಬದುಕಿದೆ. ಆದರೆ ಓದಿಸುವುದು ಮನೆಗೊಂದೇ ಮಗು ಎಂದರು. ರೇಷ್ಮೆಗೂಡು ಬೇಯಿಸುವ ಬಾಣಲಿಗೆ ಅಂಥ ಕಾನೂನಿರಲಿಲ್ಲ, ಅದು ಇಬ್ಬರನ್ನೂ ಕರೆಯಿತು. ಅಕ್ಕನಿಗೆ ಬೆಳಿಗ್ಗೆ ಶಾಲೆ, ಸಂಜೆ ರೇಷ್ಮೆ ಶೆಡ್ಡು. ನನಗೆ ದಿನವಿಡೀ ಶೆಡ್ಡು. ಸಂಘದವರು ಅದರ ಮುಂದೆಯೇ ಜೀಪು ನಿಲ್ಲಿಸುತ್ತಿದ್ದರು. ಒಳಗೆ ಬಗ್ಗಿ ನೋಡಿದವನು ಒಬ್ಬನೂ ಇಲ್ಲ.

ಸಂಘಕ್ಕೆ ದುಡ್ಡು ಕಳಿಸಿ ಅಕ್ಕನನ್ನು ಓದಿಸುತ್ತಿದ್ದ ದೂರದೇಶದ ದೊರೆಸಾನಿಗೆ ವರ್ಷಕ್ಕೊಂದು ಫೋಟೋ ಹೋಗಬೇಕು. ಅದಕ್ಕೆಂದೇ ಕೊಟ್ಟದ್ದು ನೀಲಿ ಫ್ರಾಕು. ಎಂಬತ್ತಾರರ ಫೋಟೋ ದಿನ ಫ್ರಾಕು ಸಿಗಲಿಲ್ಲ. ಹರಕು ಲಂಗದಲ್ಲಿ ಫೋಟೋ ತೆಗೆಯುವುದಿಲ್ಲ ಎಂದು ಅಕ್ಕನನ್ನು ವಾಪಸ್ಸಟ್ಟಿದರು. ಅವಳು ಶೆಡ್ಡಿಗೆ ಬಂದಳು. ಕುದಿಯುವ ನೀರಿಗೆ ಜಾರಿದಳು. ಮೂರು ದಿನ ಕಿರುಚಿ ಸತ್ತಳು.

ತಿಥಿಗೂ ಮೊದಲೇ ಸಂಘದ ವೆಂಕಟರವಣಪ್ಪ ಬಂದ. "ಹೆಸರು ಹೊಡೆದಾಕಿದ್ರೆ ನಿಮ್ಮನೇನೇ ಲಿಸ್ಟಿಂದ ಹೋಗ್ತದೆ ಕಣಮ್ಮ. ಚಿಕ್ಕೋಳ್ನೇ ಅನಸೂಯ ಅನ್ನು. ಇವಳಾದ್ರೂ ಉಳೀತಾಳೆ" ಎಂದ. ನೀನು ಸೆರಗು ಕಚ್ಚಿಕೊಂಡು ತಲೆಯಾಡಿಸಿದೆ. ನನ್ನನ್ನು ಬಾಣಲಿಯಿಂದ ಎಳೆದುಕೊಂಡೆ. ನಿನ್ನನ್ನು ಹೇಗೆ ಬೈಯಲಿ?

ಇವತ್ತು ಸಂಘದ ಈ ಹಾಸ್ಟೆಲಿಗೆ ಬಂದಿದ್ದ ವೆಂಕಟರವಣಪ್ಪನ ಮುಂದೆಯೇ ನಿಂತು, ನನ್ನ ಹೆಸರು ಬರೆಯುತ್ತೇನೆ ಎಂದೆ. "ದೊರೆಸಾನಿಗೆ ಗೊತ್ತಿರೋದು ಅನಸೂಯ. ನೀನ್ಯಾರು ಅಂತ್ಲೇ ಗೊತ್ತಿಲ್ವಲ್ಲಮ್ಮಾ!" ಎಂದು ನಕ್ಕ.

ಎಂಟು ವರ್ಷ ಅಕ್ಕನ ಹೆಸರಲ್ಲಿ ಆ ದೊರೆಸಾನಿಗೆ, ದೇವರ ದಯದಿಂದ ಸುಖವಾಗಿದ್ದೇನೆ ಎಂದು ಬರೆದೆ. ಸುಟ್ಟು ಸತ್ತವಳು ಸುಖವಾಗಿದ್ದಾಳೆ ಎಂದು ಬರೆದೆ. ಸಾಕು. ಅರ್ಜಿಯಲ್ಲಿ ನನ್ನ ಹೆಸರೇ ಬರೆದು ಕೊಟ್ಟಿದ್ದೇನೆ. ಅಕ್ಕ ಸತ್ತದ್ದು ಹೇಗೆಂದು ದೊರೆಸಾನಿಗೂ ಬರೆದು ಅಂಚೆಗೆ ಹಾಕಿದ್ದೇನೆ. ಪರೀಕ್ಷೆಗೆ ಕೂರಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ಮುಂದಿನ ಭಾನುವಾರ ಹಾಸ್ಟೆಲು ಬಿಡಬೇಕಂತೆ. ಬರುತ್ತೇನೆ, ಬಾಗಿಲು ತೆಗಿ. ಶೆಡ್ಡಿಗೆ ಮಾತ್ರ ಹೋಗೆನ್ನಬೇಡ.

ನಿನ್ನ ಚಿಕ್ಕೋಳು,
ಗಂಗುಲಮ್ಮ

ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಆ ದಿನ ಫ್ರಾಕು ಕಳೆದಿರಲಿಲ್ಲ ಅಮ್ಮಾ. ಒಂದು ಸಲ ನಾನೂ ತೊಡಬೇಕು ಅಂತ ಒಲೆಗೆ ತಂದ ಹಿಪ್ಪುನೇರಳೆ ಕಡ್ಡಿಯ ಹೊರೆಯಡಿ ಬಚ್ಚಿಟ್ಟಿದ್ದೆ. ಅಕ್ಕನನ್ನು ಮಣ್ಣು ಮಾಡಿ ಬಂದ ಮೇಲೆ, ಸಿಕ್ಕಿತು ಎಂದು ತಂದುಕೊಟ್ಟವಳೂ ನಾನೇ. ಅನಸೂಯಳ ಫೋಟೋಕ್ಕೆಂದು ತೊಟ್ಟಾಗ ನನಗದು ದೊಡ್ಡದಾಗಿತ್ತು. ನೀನು ಅಳುತ್ತಲೇ ಬೆನ್ನಿಗೆ ಪಿನ್ನು ಹಾಕಿದೆ.