ಮಕ್ಕಳಿಗೆ ಬೇರೆ ನೀರು

ಅಪ್ಪಾ,

ನೀನಿದ್ದಿದ್ದರೆ ಮೊದಲು ನಗುತ್ತಿದ್ದೆ. ನಿನ್ನ ಕೈಯ ಸ್ಪ್ಯಾನರ್ ಮಗಳ ಕೈಗೆ ಬರಬಾರದು ಅಂತ ತುಮಕೂರಿಗೆ ಕಳಿಸಿ ಇಂಜಿನಿಯರಿಂಗ್ ಓದಿಸಿದವನು ನೀನು. ನಾನು ವಿಮಾನ ಹತ್ತಿ ಘಾನಾ ದೇಶಕ್ಕೆ ಹೋಗಿ ಮಾಡಿದ್ದೇನು? ಬೋರಿಂಗ್ ಕೈಪಂಪಿನ ರಿಪೇರಿ! ಕಾಲೇಜಿನಿಂದ ಎಂಟು ಜನ ವಿದ್ಯಾರ್ಥಿಗಳು ಹೋಗಿದ್ದೆವು. ಆರು ವಾರ ಒಂದು ಹಳ್ಳಿಯಲ್ಲಿದ್ದು ಶಾಲೆಗೆ ಸುಣ್ಣ ಹೊಡೆಯುವುದು, ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು, ಹೀಗೆ ಕೈಲಾದ ಸೇವೆ. ವಾಪಸ್ ಬಂದು ಎರಡು ತಿಂಗಳಾಯಿತು, ಇನ್ನೂ ಒಂದು ಕಡೆ ಕೂರಲಾಗುತ್ತಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀನಿ ಅಂತ ಅಮ್ಮ ಬೈಯುತ್ತಾಳೆ.

ಆ ಊರಿಗೆ ಇಳಿದ ದಿನ ನನಗೆ ನಮ್ಮ ಪಾವಗಡದಲ್ಲೇ ಇಳಿದೆನೇನೋ ಅನ್ನಿಸಿತು. ಅದೇ ಬಂಡೆಗುಡ್ಡ, ಅದೇ ಕಡ್ಲೆಕಾಯಿ ಹೊಲ, ದಾರಿ ತುಂಬ ಮೇಕೆ. ಮಕ್ಕಳು ಓಡಿಬಂದು ನಕ್ಕವು. ಹಲ್ಲಿನ ಮೇಲೆ ಕಂದು ಗೀರು. ನಮ್ಮ ಶಾಲೆಯ ಮಕ್ಕಳೇ ನಕ್ಕ ಹಾಗಾಗಿ ಮನಸ್ಸು ತಣ್ಣಗಾಯಿತು. ನಮ್ಮ ಗುಂಪಿನ ಬೆಂಗಳೂರು ಹುಡುಗಿ ಮಾತ್ರ, ಇವರ ಹಲ್ಲು ಯಾಕೆ ಹೀಗಿದೆ ಅಂತ ಕೇಳಿದಳು. ಎಲ್ಲಾ ಕಡೆ ಹಾಗೇ ಇರುತ್ತೆ ಬಿಡು ಅಂದುಬಿಟ್ಟೆ. ಹುಟ್ಟಿದಾಗಿನಿಂದ ನೋಡಿದ ಹಲ್ಲು, ಕಣ್ಣಿಗೆ ಬೇರೆಯಾಗಿ ಕಾಣುತ್ತದೆಯೇ ಅಪ್ಪ? ಆದರೂ ನೀರಿನ ಫ್ಲೋರೈಡ್ ಹಲ್ಲಿಗೆ ಕಲೆ ಹಾಕಿ ಮೂಳೆ ಬಗ್ಗಿಸುತ್ತದೆ ಅನ್ನುವ ಪಾಠ ಬಾಯಿಪಾಠ ಮಾಡಿದವಳು ನಾನು. ನನಗೆ ಹೊಳೆಯಬೇಕಿತ್ತು.

ಶಾಲೆಯ ಪಕ್ಕದ ಬೋರಿಂಗ್ ಕೆಟ್ಟು ವರ್ಷವಾಗಿತ್ತು. ಹೆಂಗಸರು ದೂರದ ಹಳ್ಳದಲ್ಲಿ ದನ ಇಳಿಯುವ ಗುಂಡಿಯಿಂದಲೇ ನೀರು ಹೊರುತ್ತಿದ್ದರು. ನೋಡಿದರೆ ನೀನು ಜನ್ಮಪೂರ್ತಿ ಬಿಚ್ಚಿ ಕಟ್ಟಿದ ಅದೇ ನಮೂನೆಯ ಪಂಪು! ನನಗೆ ಬರುತ್ತೆ ಅಂತ ಜಂಬ ಕೊಚ್ಚಿದೆ. ಎರಡು ದಿನ ಪೈಪು ಎತ್ತಿ, ವಾಷರ್ ಬದಲಿಸಿ, ಚೈನಿಗೆ ಗ್ರೀಸ್ ಹಚ್ಚಿದೆವು. ನೀರು ಬಂದಾಗ ನೀನು ಮಾಡುತ್ತಿದ್ದ ಹಾಗೆ ಎಲ್ಲರೆದುರು ಮೊದಲ ಬೊಗಸೆ ನಾನೇ ಕುಡಿದೆ. ಅಲ್ಲಿನ ಹೆಂಗಸರಿಗೆಲ್ಲ ಮುಂದಾಳು ಅತಿಪೋಕ ಅನ್ನುವವಳು. ಅವಳು ನನ್ನನ್ನು ಎತ್ತಿ ಗಿರಗಿರ ತಿರುಗಿಸಿದಳು. ಆ ಸಂಜೆ ನಿನ್ನನ್ನು ನೆನೆದು ಅತ್ತುಬಿಟ್ಟೆ.

ವಾರದ ಮೇಲೆ ಅತಿಪೋಕಳ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಅವಳ ಅತ್ತೆಯನ್ನು ಯಾರೋ ಹಿಂದಿನಿಂದ ಕರೆದರು. ಮುದುಕಿ ಕತ್ತು ತಿರುಗಿಸಲಿಲ್ಲ. ಗೋಡೆಗೆ ಕೈ ಕೊಟ್ಟು, ಇಡೀ ಮೈಯನ್ನೇ ಮೆಲ್ಲಗೆ ತಿರುಗಿಸಿದಳು. ನಿನ್ನ ಕೊನೆಯ ದಿನಗಳಲ್ಲಿ ರಜೆಗೆ ಬಂದಾಗಲೆಲ್ಲ ನಾನು ನೋಡಿದ್ದು ಅದನ್ನೇ ಅಲ್ಲವೇ? ಮಕ್ಕಳ ಹಲ್ಲಿನ ಗೀರು ಏನೆಂದು ಆಗ ಹೊಳೆಯಿತು.

ಕಾಲೇಜಿನ ಮೊದಲ ವರ್ಷ ರಜೆಗೆ ಬಂದಿದ್ದೆ, ನೆನಪಿದೆಯಾ? ಕುಡಿಯಬಾರದು ಅಂತ ಕೆಂಪು ಬಣ್ಣ ಬಳಿದ ಬೋರಿಂಗನ್ನು ರಿಪೇರಿ ಮಾಡಲು ನೀನು ಚೀಲ ಹೆಗಲಿಗೇರಿಸಿದ್ದೆ. "ಊರಿಗೆ ವಿಷ ಕುಡ್ಸಿ ಯಾವ ಪುಣ್ಯ ಕಟ್ಕಂತೀಯಾ?" ಅಂತ ನಾನು ಕೇಳಿದೆ. ನೀನು ಏನೂ ಹೇಳದೆ ಹೊರಟುಹೋದೆ. ಆಮೇಲೆ ನಾವಿಬ್ಬರೂ ಆ ಮಾತು ಎತ್ತಲೇ ಇಲ್ಲ. ಎತ್ತಬಹುದು ಅಂದುಕೊಳ್ಳುವಷ್ಟರಲ್ಲಿ ನೀನು...

ಅಲ್ಲಿನ ಶಾಲೆಯ ಮೇಷ್ಟ್ರ ಕೈಲಿ ಬಾಟಲಿಯಲ್ಲಿ ನೀರು ಕೊಟ್ಟು ಪಟ್ಟಣಕ್ಕೆ ಕಳಿಸಿದೆ. ಫಲಿತಾಂಶ ನಾನು ಹೆದರಿದ್ದೇ ಆಗಿತ್ತು, ಫ್ಲೋರೈಡ್ ಮಿತಿಮೀರಿತ್ತು. ನಮ್ಮ ಜೊತೆ ಬಂದಿದ್ದ ಲೆಕ್ಚರರು, ಇನ್ನೆರಡು ವಾರಕ್ಕೆ ಹೊರಡುವವರು ನಾವು, ಆಮೇಲೆ ಇಲ್ಲಿನ ಅಧಿಕಾರಿಗಳಿಗೆ ಬರವಣಿಗೆಯಲ್ಲಿ ತಿಳಿಸಿದರಾಯಿತು, ಜನರ ಸಂತೋಷ ಯಾಕೆ ಕೆಡಿಸುತ್ತೀಯ ಅಂದರು. ನನಗೆ ತಡೆಯಲಾಗಲಿಲ್ಲ. ಹೆಂಗಸರನ್ನು ಮರದ ಕೆಳಗೆ ಸೇರಿಸಿ, ನಾನು ಎತ್ತಿಕೊಟ್ಟ ನೀರು ಮೂಳೆ ಬಗ್ಗಿಸುತ್ತದೆ, ಕುಡಿಯಬೇಡಿ, ನಮ್ಮಪ್ಪ ಹಾಗೇ ಬಗ್ಗಿ ಹೋದ ಅಂದೆ. ಮೇಷ್ಟ್ರು ಅವರ ಭಾಷೆಯಲ್ಲಿ ಹೇಳಿದರು. ಯಾರೂ ಕೂಗಾಡಲಿಲ್ಲ. ಅತಿಪೋಕ ಎದ್ದು ನಿಂತಳು. ಅವಳು ಹೇಳಿದ್ದನ್ನು ಮೇಷ್ಟ್ರು ನನಗೆ ತಿಳಿಸಿದ್ದು ಇಷ್ಟು: "ಹಳ್ಳದ ನೀರು ನನ್ನ ಇಬ್ಬರು ಮಕ್ಕಳನ್ನು ಒಂದೇ ವಾರದಲ್ಲಿ ತೆಗೆದುಕೊಂಡು ಹೋಯಿತು. ಈ ನೀರಿಗೆ ನನ್ನ ಬೆನ್ನು ಬಗ್ಗಿಸಲು ಮೂವತ್ತು ವರ್ಷ ಬೇಕು. ಯಾವುದನ್ನು ಕುಡಿಯಲಿ, ನೀನೇ ಹೇಳು."

ನೀನು ಅವತ್ತು ನುಂಗಿಕೊಂಡ ಉತ್ತರ ಇದೇನಾ? ನಮ್ಮೂರಿನಲ್ಲೂ ಕುಂಟೆಯಲ್ಲಿ ನಿಂತ ಮಳೆನೀರು ಕುಡಿದು ವಾಂತಿಭೇದಿಗೆ ಮಕ್ಕಳು ಹೋದ ಕಾಲವನ್ನು ನೀನು ಕಂಡಿದ್ದೆ. ನಾನು ಕಂಡಿರಲಿಲ್ಲ.

ಹೊರಡುವ ಮುಂಚೆ ಸುತ್ತಲಿನ ನಾಲ್ಕು ಬೋರಿಂಗ್ ನೀರು ಪರೀಕ್ಷೆ ಮಾಡಿಸಿದೆವು. ಒಂದು ಒಳ್ಳೆಯದು ಸಿಕ್ಕಿತು, ಎರಡು ಊರಿನಾಚೆ. ಹೆಂಗಸರೇ ಕೂತು ತೀರ್ಮಾನ ಮಾಡಿದರು. ದೊಡ್ಡವರಿಗೆ ಹತ್ತಿರದ್ದು, ಮಕ್ಕಳಿಗೆ ಬೇರೆ ನೀರು. ಬೆಳಗಾದರೆ ಒಂದು ಕತ್ತೆಗಾಡಿ ಹೋಗಿ ಊರಿನ ಅಷ್ಟೂ ಮಕ್ಕಳಿಗೆ ತರುತ್ತದೆ. ಎರಡು ವಾರದ ಕೆಳಗೆ ಮೇಷ್ಟ್ರು ಫೋನಿಗೆ ಅದರ ಫೋಟೋ ಕಳಿಸಿದರು.

ಆ ಫೋಟೋ ತೋರಿಸಿದಾಗ ಅಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೈ ಒರೆಸಿಕೊಂಡು ಫೋನು ಹತ್ತಿರ ಹಿಡಿದು ನೋಡಿ, "ನಿಮ್ಮಪ್ಪನೂ ಇಂಗೇ ಮಾಡಿದ್ದು ಕಣಮ್ಮ" ಅಂದಳು. "ನಿಂಗೆ ಎಂಟು ವರ್ಷ ತುಂಬೋಗಂಟ ನೀನು ಕುಡ್ದಿದ್ದು ನಾಗಲಮಡಿಕೆ ಹೊಳೆ ಪಕ್ಕದ ಬಾವಿ ನೀರು. ದಿನಾ ಸೈಕಲ್ ಮ್ಯಾಲೆ ಒಂದು ಕ್ಯಾನು ತರೋರು. ಯಾರಿಗೂ ಹೇಳ್ಬ್ಯಾಡ ಅಂದಿದ್ರು."

ನಾನು ಕೂಸಾಗಿದ್ದಾಗ ನೀರು ಪರೀಕ್ಷೆಗೆ ಬಂದ ಸರ್ಕಾರದವರಿಗೆ ಪೈಪು ಎತ್ತಿಕೊಟ್ಟವನು ನೀನಂತೆ. ಮಕ್ಕಳಿಗೆ ಕುಡಿಸಬೇಡ ಅಂತ ಅವರೇ ಹೇಳಿದ್ದರಂತೆ. ಕೆಂಪು ಬಣ್ಣ ಬಿದ್ದದ್ದು ಎಷ್ಟೋ ವರ್ಷದ ಮೇಲೆ. ಎದ್ದು ಹೋಗಿ ಕನ್ನಡಿಯಲ್ಲಿ ನನ್ನ ಹಲ್ಲು ನೋಡಿಕೊಂಡೆ. ಬೆಳ್ಳಗಿವೆ. ಬೇವಿನ ಕಡ್ಡಿಯ ಮಹಿಮೆ ಅಂತ ಇಷ್ಟು ವರ್ಷ ಹೇಳಿಕೊಂಡು ತಿರುಗಿದ್ದೆ.

ಪಕ್ಕದ ಮನೆಯ ಲಕ್ಷ್ಮೀದೇವಿ ನನ್ನದೇ ವಯಸ್ಸಿನವಳು. ನಕ್ಕಾಗಲೆಲ್ಲ ಬಾಯಿಗೆ ಕೈ ಅಡ್ಡ ಇಡುತ್ತಿದ್ದಳು, ಮದುವೆಯ ಒಂದು ಫೋಟೋದಲ್ಲೂ ತುಟಿ ಬಿಚ್ಚಿಲ್ಲ. ಅವಳು ನಮ್ಮ ಮನೆಗೆ ಆಡಲು ಬಂದಾಗ ಯಾವ ಕೊಡದ ನೀರು ಕೊಡುತ್ತಿದ್ದೆ ಅಂತ ಅಮ್ಮನನ್ನು ಕೇಳಿದೆ. ಅಮ್ಮ ಬಿಡಿಸಿದ ಬೀಜ ಪಕ್ಕಕ್ಕೆ ಸರಿಸಿ ಇನ್ನೊಂದು ಹುಣಸೆಹಣ್ಣು ಕೈಗೆತ್ತಿಕೊಂಡಳು.

ವಿಷ ಅಂದದ್ದು ತಪ್ಪು ಅಪ್ಪ. ಆ ಮಾತನ್ನು ವಾಪಸ್ ತೆಗೆದುಕೊಂಡೆ. ಬೋರಿಂಗ್ ಕಟ್ಟಿದ್ದಕ್ಕೆ ನಿನ್ನ ಮೇಲೆ ಈಗ ಸಿಟ್ಟಿಲ್ಲ. ಆದರೆ ಆ ಕ್ಯಾನು? ಸೈಕಲ್ಲಿಗೆ ಒಂದೇ ಹಿಡಿಯುತ್ತಿತ್ತು ಅಂತ ನಿನ್ನ ಪರವಾಗಿ ನಾನೇ ವಾದಿಸುತ್ತೇನೆ. ಒಂದು ಮಾತು ಹೇಳಿದ್ದರೆ ಅವಳಪ್ಪನೂ ಒಂದು ಸೈಕಲ್ ಹೊರಡಿಸುತ್ತಿದ್ದನಲ್ಲ ಅಂತ ಮತ್ತೆ ನಾನೇ ಜಗಳಕ್ಕೆ ನಿಲ್ಲುತ್ತೇನೆ. ನೀನು ನನ್ನನ್ನು ಎಷ್ಟು ಪ್ರೀತಿಸಿದ್ದೆ ಅಂತ ತಿಳಿದು ಇಷ್ಟು ಸಂಕಟವಾಗುತ್ತದೆ ಅಂದುಕೊಂಡಿರಲಿಲ್ಲ.

ಲಕ್ಷ್ಮೀದೇವಿ ಈಗ ಮಧುಗಿರಿಯಲ್ಲಿದ್ದಾಳೆ, ಗಂಡನ ಮನೆಯಲ್ಲಿ. ಭಾಷೆ ಬಾರದ ಊರಿನಲ್ಲಿ ಅಷ್ಟು ಜನರೆದುರು ಹೇಳಿ ಬಂದವಳು ನಾನು, ಇವಳೊಬ್ಬಳಿಗೆ ಹೇಳಲು ಎರಡು ವಾರದಿಂದ ನಾಲಿಗೆ ಏಳುತ್ತಿಲ್ಲ. ಈ ಭಾನುವಾರ ಬಸ್ಸು ಹತ್ತುತ್ತೇನೆ. ಎದುರಿಗೆ ಕೂತು, ನಿನ್ನ ಹೆಸರು ಹಿಡಿದೇ ಎಲ್ಲವನ್ನೂ ಹೇಳುತ್ತೇನೆ. ಅವಳು ಏನಂದರೂ ನೀನೂ ನಾನೂ ಇಬ್ಬರೂ ಕೇಳಿಸಿಕೊಳ್ಳೋಣ.